ದಿನಕ್ಕೆ ನಾಲ್ಕು ವಚನ

ಬಳ್ಳಾರಿ,
ಭಾನುವಾರ ಸಂಜೆ

ಪ್ರೀತಿಯ ದೋಸ್ತಾ,

ಕರ್ತನ ನಾಮದಲ್ಲಿ ವಂದನೆಗಳು. ಹೋದ ವಾರ ನೀನು ಫೋನಿನಲ್ಲಿ ಕೇಳಿದ ಮಾತಿಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಮಷೀನ್ ಸದ್ದಿನ ಮಧ್ಯೆ, "ಪ್ರಾರ್ಥನೆ ಮಾಡೋ, ಎಲ್ಲ ಸರಿಹೋಗ್ತದೆ" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಹೊಟ್ಟೆ ಹಸೀತೈತೆ ಅಂದವನಿಗೆ "ಉಂಡುಬಿಡು" ಅಂದಂಗಾಯ್ತು.

ನೀನು ಅಂದಿದ್ದು ಇನ್ನೂ ಕಿವಿಯಲ್ಲಿದೆ: "ಲೇ, ಚರ್ಚಿಗೆ ಹೋಗ್ತೀನಿ, ಹಾಡ್ತೀನಿ, ಕಾಣಿಕೆ ಹಾಕ್ತೀನಿ. ಆದ್ರೂ ದೇವರು ದೂರದ ನೆಂಟರ ಥರ ಆಗಿಬಿಟ್ಟಾನೆ. ಹಬ್ಬಕ್ಕೊಮ್ಮೆ ಮುಖ ನೋಡೋದು, ಚೆನ್ನಾಗಿದೀರಾ ಅನ್ನೋದು, ಅಷ್ಟೇ. ನೀ ಹೆಂಗ್ ಮಾಡ್ತೀಯೋ?"

ಅದಕ್ಕೇ ಈ ಪತ್ರ. ನಮ್ಮಂಥವರು ಇನ್ನೂ ಒಂದಿಷ್ಟು ಜನ ಇರಬಹುದು ಅಂತ ಎಲ್ಲರಿಗೂ ಕಾಣೋ ಹಂಗೆ ಹಾಕ್ತಿದ್ದೀನಿ. ನಿನ್ನ ಹೆಸರು ಬರೆದಿಲ್ಲ, ಬೈಬೇಡ.

ಎರಡು ಬೇಸಿಗೆ ರಜೆ ನೀನೂ ನನ್ನ ಪಕ್ಕ ಕೂತು ಜೀನ್ಸಿನ ಬೆಲ್ಟ್ ಲೂಪ್ ಕತ್ತರಿಸಿದವನೇ, ಹಾಗಾಗಿ ಇದು ನಿನಗೆ ಬೇಗ ಅರ್ಥ ಆಗ್ತದೆ. ಜೀನ್ಸಿಗೆ ಹಾಕೋದು ದಪ್ಪ ದಾರ. ಮಷೀನಿನ ಕೆಳಗಡೆ ದಾರ ಸುತ್ತಿಡೋ ಚಿಕ್ಕ ಉರುಳೆ, ಅದೇ ಬಾಬಿನ್, ಅದರಲ್ಲಿ ಹಿಡಿಯೋದೇ ಸ್ವಲ್ಪ, ಬೇಗ ತೀರಿಹೋಗ್ತದೆ. ತೀರಿದ್ದು ಮೇಲಿನಿಂದ ಗೊತ್ತಾಗಲ್ಲ. ಸೂಜಿ ಏರಿಳೀತಾ ಇರ್ತದೆ, ಮೇಲಿನ ದಾರ ಓಡ್ತಾ ಇರ್ತದೆ, ಬಟ್ಟೆ ಮುಂದೆ ಸರೀತಾ ಇರ್ತದೆ, ಮೋಟರ್ ಸದ್ದೂ ಅದೇ. ಕಾಲು ಪೂರ್ತಿ ಹೊಲಿದೆ ಅಂದ್ಕೊಂಡು ತೆಗೆದು ತಿರುವಿ ನೋಡಿದ್ರೆ ಕೆಳಗೆ ಏನೂ ಇಲ್ಲ. ದಾರದ ತುದಿ ಹಿಡಿದು ಎಳೆದರೆ ಸರ್ರಂತ ಅಷ್ಟೂ ಕೈಗೆ ಬರ್ತದೆ.

ಎರಡು ವರ್ಷ ನಾನು ಹಂಗೇ ಇದ್ದೆ. ಯೌವನಸ್ಥರ ಕೂಟಕ್ಕೆ ನಾನೇ ಮುಂದಾಳು, ಕ್ರಿಸ್ಮಸ್ ಕ್ಯಾರಲ್‌ಗೆ ನಾನೇ ಲಾರಿ ಗೊತ್ತುಮಾಡೋನು, ಮನೆ ಪ್ರಾರ್ಥನೆಯಲ್ಲಿ ಕೊನೇ ಪ್ರಾರ್ಥನೆ ನಂದೇ. ಸದ್ದು ಸರಿಯಾಗೇ ಇತ್ತು. ಆಮೇಲೆ ನಾನು ಆಗ ಕೆಲಸಕ್ಕಿದ್ದ ಯೂನಿಟ್ಟಿನ ಗುತ್ತಿಗೆದಾರ ಎರಡು ತಿಂಗಳ ಪೀಸ್ ರೇಟ್ ದುಡ್ಡು ಕೊಡದೆ ಸತಾಯಿಸಿದ. ಮಗಳ ಫೀಸು, ಮನೆ ಬಾಡಿಗೆ, ಅವ್ವನ ಬಿಪಿ ಮಾತ್ರೆ. ಒಂದು ರಾತ್ರಿ ಮೊಣಕಾಲೂರಿ ಕೂತೆ. "ಪರಲೋಕದಲ್ಲಿರುವ ತಂದೆಯೇ" ಅಂದೆ. ಮುಂದೆ ಮಾತೇ ಬರಲಿಲ್ಲ. ಊರವರ ಮುಂದೆ ಹತ್ತು ನಿಮಿಷ ತಡವರಿಸದೆ ಪ್ರಾರ್ಥನೆ ಮಾಡೋನು, ಒಬ್ಬನೇ ಕೂತಾಗ ಒಂದು ಸಾಲು ಹುಟ್ಟಲಿಲ್ಲ. ಆ ರಾತ್ರಿ ನಾನೂ ದಾರದ ತುದಿ ಹಿಡಿದು ಎಳೆದಂಗಾಯ್ತು ಅನ್ನು.

ಮಾರನೇ ದಿನದಿಂದ ದೊಡ್ಡ ಸಾಹಸಕ್ಕೆ ಬಿದ್ದೆ. ನಾಲ್ಕಕ್ಕೆ ಏಳೋದು, ಒಂದು ಗಂಟೆ ಪ್ರಾರ್ಥನೆ, ವರ್ಷದಲ್ಲಿ ಇಡೀ ಸತ್ಯವೇದ ಮುಗಿಸೋದು. ಒಟ್ಟು 1,189 ಅಧ್ಯಾಯ, ಅಂದರೆ ದಿನಕ್ಕೆ ಮೂರಕ್ಕಿಂತ ಜಾಸ್ತಿ. ಜನವರಿ ಮುಗಿಯೋ ಹೊತ್ತಿಗೆ ಯಾಜಕಕಾಂಡಕ್ಕೆ ಬಂದೆ, ಅಲ್ಲೇ ಗಾಡಿ ಕೆಸರಿಗೆ ಇಳೀತು. ನಾಲ್ಕು ದಿನ ತಪ್ಪಿದರೆ ಹದಿಮೂರು ಅಧ್ಯಾಯ ಬಾಕಿ. ಚೀಟಿ ಕಂತು ಕಟ್ಟದವನು ಚೀಟಿ ನಡೆಸೋನ ಕಣ್ಣು ತಪ್ಪಿಸಿ ಓಡಾಡೋ ಹಂಗೆ ದೇವರ ಕಣ್ಣು ತಪ್ಪಿಸಿ ಓಡಾಡಿದೆ. ಸಾಕ್ಷಿ ಹೇಳೋವಾಗ ಮೂರು ಗಂಟೆಗೆ ಏಳ್ತೀನಿ, ಎರಡು ಗಂಟೆಗೆ ಏಳ್ತೀನಿ ಅಂತ ಹರಾಜು ಕೂಗಿದಂಗೆ ಕೂಗ್ತಾರಲ್ಲ, ಅವರಲ್ಲಿ ನಿಜವಾಗಿ ಏಳೋರೂ ಇದ್ದಾರೆ, ಅವರಿಗೆ ನನ್ನ ನಮಸ್ಕಾರ. ಆದರೆ ಅದನ್ನು ಕೇಳಿ ಕೇಳಿ ನನ್ನಂಥವನು ಶುರುಮಾಡೋದನ್ನೇ ಬಿಟ್ಟಿದ್ದ.

ಹೋದ ವರ್ಷ ಒಂದು ಭಾನುವಾರ ಪಾಸ್ಟರ್ ಪ್ರಸಂಗದ ಮಧ್ಯೆ ಜಾನ್ ಹ್ಯಾಂಡ್ಸ್ ಅವರ ಹೆಸರು ತಂದರು. ಲಂಡನ್ ಮಿಷನ್‌ನವರು, 1810ರಲ್ಲಿ ನಮ್ಮ ಬಳ್ಳಾರಿಗೆ ಬಂದವರು. ಇಲ್ಲೇ ಕನ್ನಡ ಕಲಿತು, ಇಲ್ಲೇ ಕೂತು ಬೈಬಲ್ಲನ್ನು ಕನ್ನಡಕ್ಕೆ ತಂದರು. ಜೊತೆಗೆ ವಿಲಿಯಂ ರೀವ್ ಇದ್ದರು, ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದವರು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂದಾಗ 1831. ವಾರ್ಡ್ಲಾ ಶಾಲೆ ಮುಂದೆ ಎಷ್ಟು ಸಲ ಹಾದು ಹೋಗಿಲ್ಲ ನಾವು? ಅದೂ ಅದೇ ಮಿಷನ್‌ನವರು 1846ರಲ್ಲಿ ಶುರುಮಾಡಿದ್ದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕೂಡ ಶುರುವಾದ ಮರುವರ್ಷವೇ, 1844ರಲ್ಲಿ, ಅಚ್ಚಾಗೋದಕ್ಕೆ ನಮ್ಮೂರಿಗೇ ಬಂತು. ಗಣಿ, ಧೂಳು, ಬಿಸಿಲು ಅಂತ ನಮ್ಮೂರನ್ನು ಆಡಿಕೊಳ್ಳೋರಿಗೆ ಇದನ್ನೊಂದು ಹೇಳಿಬಿಡು.

ಆವತ್ತು ಪ್ರಸಂಗದ ಉಳಿದ ಭಾಗ ನನ್ನ ತಲೆಗೆ ಹೋಗಲಿಲ್ಲ. ಆರಾಧನೆ ಮುಗಿಸಿ ಮನೆಗೆ ಬಂದು, ಜೇಬಲ್ಲಿದ್ದ ಬಂಡಲ್ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಸತ್ಯವೇದದಲ್ಲಿ ಸುಮಾರು 31,000 ವಚನ. ಹ್ಯಾಂಡ್ಸ್ ಬಂದ 1810ರಿಂದ ಬೈಬಲ್ ಅಚ್ಚಾದ 1831ರವರೆಗೆ 21 ವರ್ಷ, ಅಂದರೆ 7,665 ದಿನ. ಭಾಗಿಸಿದರೆ ದಿನಕ್ಕೆ ನಾಲ್ಕು ವಚನ.

ಇದು ಪಂಡಿತರ ಲೆಕ್ಕ ಅಲ್ಲ, ಗೊತ್ತು. ಮೊದಲ ವರ್ಷಗಳು ಭಾಷೆ ಕಲಿಯೋದರಲ್ಲೇ ಹೋಗಿರ್ತವೆ. ಜ್ವರ, ಶಾಲೆ, ಅಚ್ಚಿನ ತಾಪತ್ರಯ ಎಲ್ಲ ಇದ್ದದ್ದೇ. ಅವರ ಅನುವಾದವನ್ನು ಮುಂದೆ ಬಾಸೆಲ್ ಮಿಷನ್‌ನವರು ಬಹಳ ತಿದ್ದಿದರು, ಈಗ ನಮ್ಮ ಕೈಲಿರೋದು ಹ್ಯಾಂಡ್ಸ್ ಬರೆದ ಕನ್ನಡ ಅಲ್ಲ. ಆದರೂ ಆ ಚೀಟಿ ನೋಡ್ತಾ ನನಗೆ ನಗು ಬಂತು. ಕನ್ನಡಕ್ಕೆ ಸತ್ಯವೇದ ತಂದವರೇ ದಿನಕ್ಕೆ ನಾಲ್ಕು ವಚನದ ಲೆಕ್ಕದಲ್ಲಿ ನಡೆದರು. ನಾನು ಮಾತ್ರ ಮೂರು ಅಧ್ಯಾಯ ನುಂಗೋಕೆ ಹೋಗಿ ಗಂಟಲಿಗೆ ಸಿಕ್ಕಿಸಿಕೊಂಡಿದ್ದೆ.

ಅವತ್ತಿನಿಂದ ದಿನಕ್ಕೆ ನಾಲ್ಕು. ಐದನೇದು ಎಷ್ಟೇ ಆಸೆ ಆದರೂ ನಾಳೆಗೆ.

ಜಾಗ ಎಲ್ಲಿ ಅಂತೀಯಾ? ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥನೆ ಮಾಡು ಅಂತ ಯೇಸುಸ್ವಾಮಿ ಹೇಳಿದ್ದು ಸರಿ. ನಮ್ಮ ಮನೆಯಲ್ಲಿ ಐದು ಜನಕ್ಕೆ ಒಂದೂವರೆ ಕೋಣೆ, ಇರೋ ಒಂದು ಬಾಗಿಲು ಬಚ್ಚಲದ್ದು. ಹಾಗಾಗಿ ಮಾಳಿಗೆ ಮೇಲೆ, ಸಿಂಟೆಕ್ಸ್ ಟ್ಯಾಂಕಿನ ಮರೆಯಲ್ಲಿ ಗೋಣಿಚೀಲ ಹಾಸ್ಕೊಂಡು ಕೂರ್ತೀನಿ. ಐದೂಕಾಲಿಗೆ. ಎದುರಿಗೆ ಕೋಟೆ ಗುಡ್ಡ, ಇನ್ನೂ ಕರ್ರಗೆ. ಒಂದು ಕಡೆ ಮಸೀದಿಯ ಬಾಂಗ್, ಇನ್ನೊಂದು ಕಡೆ ಗುಡಿಯ ಸುಪ್ರಭಾತ, ನಡುವೆ ಅದಿರಿನ ಗೂಡ್ಸ್ ಗಾಡಿ. ನಿಶ್ಶಬ್ದ ಬೇಕು ಅಂತ ಮೊದಲು ಒದ್ದಾಡಿದೆ, ಈಗಿಲ್ಲ. ಊರೆಲ್ಲ ತನ್ನ ತನ್ನ ಬಾಯಲ್ಲಿ ಕರೀತಿರೋವಾಗ ನಂದೊಂದು ಧ್ವನಿ. ಈ ಆಷಾಢದ ಗಾಳಿಗೆ ಮಾತ್ರ ಹಾಳೆ ನಿಲ್ಲಲ್ಲ, ಅದಕ್ಕೆ ಕಟಿಂಗ್ ಕತ್ತರಿ ಭಾರ ಇಟ್ಟು ಓದ್ತೀನಿ.

ನಾಲ್ಕು ವಚನ ಎರಡು ಸಲ, ಬಾಯಿಬಿಟ್ಟು. ಮೊದಲ ಸಲ ಕಣ್ಣು ಓದ್ತದೆ, ಎರಡನೇ ಸಲ ಕಿವಿ ಕೇಳ್ತದೆ. ಆಮೇಲೆ ಸುಮ್ಮನೆ ಕೂರೋದು. ಯಾವುದೋ ಒಂದು ಮಾತು ಬಟ್ಟೆಗೆ ಉತ್ತರಾಣಿ ಮುಳ್ಳು ಅಂಟಿದಂಗೆ ಅಂಟಿಕೊಳ್ತದೆ. ಅದನ್ನ ಹಿಡ್ಕೊಂಡು ಮಾತು ಶುರು. ವೇದಿಕೆ ಕನ್ನಡದಲ್ಲಿ ಅಲ್ಲ. "ಓ ಮಹೋನ್ನತನಾದ ದೇವರೇ, ನಿನ್ನ ಸನ್ನಿಧಾನಕ್ಕೆ ಸಮೀಪಿಸುತ್ತಿದ್ದೇವೆ" ಅಂತ ಶುರುಮಾಡಿದರೆ ಕೂಟಕ್ಕೆ ಕೇಳಲಿ ಅಂತ ಮಾಡೋ ಚಾಳಿ ವಾಪಸ್ ಬರ್ತದೆ. "ಅಪ್ಪಾ, ನಿನ್ನೆ ರಾತ್ರಿ ಹೆಂಡತಿ ಮೇಲೆ ಸುಮ್ಮನೆ ರೇಗಿದೆ" ಅಂತ ನಮ್ಮ ಬಳ್ಳಾರಿ ಮಾತಲ್ಲೇ ಹೇಳ್ತೀನಿ. ಕೆಲವು ದಿನ ಏನೂ ಅಂಟಲ್ಲ. ಹಂಗೇ ಎದ್ದು ಬರ್ತೀನಿ.

ನಾಲ್ಕಕ್ಕೆ ನಿಲ್ಲೋದರಿಂದ ಏನಾಗ್ತದೆ ಅಂತ ಒಂದು ಹೇಳ್ತೀನಿ. ಹದಿಮೂರನೇ ಕೀರ್ತನೆ ನಿನಗೆ ಗೊತ್ತಲ್ಲ, ಆರೇ ವಚನ. ಸಂಡೇ ಸ್ಕೂಲಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿ ಚಾಕಲೇಟ್ ಇಸ್ಕೊಂಡಿದ್ದೆವು. ಮೊದಲ ಎರಡು ವಚನದಲ್ಲೇ ದಾವೀದ ನಾಲ್ಕು ಸಲ "ಇನ್ನೆಷ್ಟರ ವರೆಗೆ" ಅಂತಾನೆ. ಮೂರರಲ್ಲಿ ಕಣ್ಣಿಗೆ ಬೆಳಕು ಕೊಡು, ಇಲ್ಲದಿದ್ರೆ ಸತ್ತೇ ಹೋಗ್ತೀನಿ ಅಂತಾನೆ. ನಾಲ್ಕರಲ್ಲಿ, ನಾನು ಬಿದ್ದರೆ ನನ್ನ ವೈರಿಗಳು ಹಿಗ್ಗುತ್ತಾರೆ ಅಂತಾನೆ. ಅಲ್ಲಿಗೆ ನನ್ನ ಆ ದಿನದ ಪಾಲು ಮುಗೀತು. ಭರವಸೆ, ಹಾಡು ಎಲ್ಲ ಇರೋದು ಐದು, ಆರರಲ್ಲಿ. ನನಗೆ ಬರಬೇಕಾದ ದುಡ್ಡಿನಲ್ಲಿ ಅರ್ಧ ಇನ್ನೂ ಆ ಗುತ್ತಿಗೆದಾರನ ಹತ್ತಿರವೇ ಇದ್ದ ಕಾಲ ಅದು. ಇಡೀ ದಿನ ಮಷೀನ್ ಮುಂದೆ "ಇನ್ನೆಷ್ಟರ ವರೆಗೆ" ಜೊತೆಗೇ ಕೂತೆ. ಸಿಟ್ಟು ಬಂತು, ಬರಲಿ ಬಿಟ್ಟೆ. ಮಧ್ಯಾಹ್ನ ಬುತ್ತಿ ಬಿಚ್ಚೋವಾಗ ಅನ್ನಿಸಿತು: ಇಷ್ಟು ದಿನ ನಾನು ದೇವರ ಹತ್ತಿರ ಬೈಯೋಕೂ ಹೋಗಿರಲಿಲ್ಲ. ನೆಂಟರ ಮನೇಲಿ ಯಾರೂ ಜಗಳ ಆಡಲ್ಲ, ಕೊಟ್ಟ ಟೀ ಕುಡಿದು ಬರ್ತಾರೆ. ಜಗಳ ಆಡೋದು ಸ್ವಂತ ಮನೇಲಿ. ಮಾರನೇ ಬೆಳಗ್ಗೆ ಐದನೇ ವಚನದ "ನಾನಾದರೋ" ಓದೋವಾಗ ಗಂಟಲು ಕಟ್ಟಿತು. ಒಟ್ಟಿಗೆ ಓದಿದ್ದರೆ ಅರ್ಧ ನಿಮಿಷದ ದಾರಿ, ದಾವೀದನ ಜೊತೆ ಒಂದು ರಾತ್ರಿ ಕಳೆದು ಅಲ್ಲಿಗೆ ಬಂದಿದ್ದೆ.

ಉಳಿದ ಅರ್ಧ ದುಡ್ಡು ಇವತ್ತಿಗೂ ಬಂದಿಲ್ಲ. ಪ್ರಾರ್ಥನೆ ಮಾಡಿದೆ, ಮೂರನೇ ದಿನ ಬಾಗಿಲು ತಟ್ಟಿ ಕೊಟ್ಟುಹೋದ ಅನ್ನೋ ಸಾಕ್ಷಿ ನನ್ನ ಹತ್ತಿರ ಇಲ್ಲ, ಕ್ಷಮಿಸು.

ನಮ್ಮಜ್ಜಿ ನೆನಪಿದ್ದಾಳಾ ನಿಂಗೆ? ಓದೋಕೆ ಬರ್ತಿರಲಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸೋ ಕೂಲಿಗೆ ಹೋಗ್ತಿದ್ದಳು. ಘಾಟಿಗೆ ಕಣ್ಣು ಮೂಗು ಸುರೀತಿದ್ದರೂ ತುಟಿ ಅಲ್ಲಾಡ್ತಾನೇ ಇರ್ತಿತ್ತು, ಅರ್ಧ ತೆಲುಗು, ಅರ್ಧ ಕನ್ನಡ. ಒಂದು ದಿನ ಪಕ್ಕ ಕೂತು ಕೇಳಿಸ್ಕೊಂಡೆ. ಒಂದೊಂದು ಹಿಡಿಗೆ ಒಬ್ಬೊಬ್ಬರ ಹೆಸರು. "ಪ್ರಭುವಾ, ಆ ಮೂಲೆಮನೆ ಹುಡುಗಿ ಬಾಣಂತನ ನೋಡ್ಕೋ." ತೊಟ್ಟು ಮುರಿದು ಬುಟ್ಟಿಗೆ. "ಈ ನನ್ ಮೊಮ್ಮಗ ಲೆಕ್ಕದಲ್ಲಿ ದಡ್ಡ, ನೋಡ್ಕೋ." ತೊಟ್ಟು ಬುಟ್ಟಿಗೆ. ಆಗ ನಕ್ಕಿದ್ದೆ. ಈಗ ಅವಳ ಮೆಣಸಿನಕಾಯಿ ಜಾಗದಲ್ಲಿ ನನಗೆ ಬಾಬಿನ್ ಇದೆ. ದಾರ ತೀರಿ ಬಾಬಿನ್ ಬದಲಾಯಿಸೋವಾಗಲೆಲ್ಲ ಒಂದು ಹೆಸರು. ಅಷ್ಟು ಹೊತ್ತು ಮಷೀನ್ ಹೆಂಗೂ ನಿಂತಿರ್ತದೆ. ನೀನು ಸಾಮಾನ್ಯ ಹನ್ನೊಂದು ಗಂಟೆ ಆಜುಬಾಜಿನಲ್ಲಿ ಬರ್ತೀಯ. ಆ ಗುತ್ತಿಗೆದಾರನೂ ಬರ್ತಾನೆ, ಹಲ್ಲು ಕಚ್ಚಿಕೊಂಡೇ ಅವನ ಹೆಸರು ಹೇಳ್ತೀನಿ.

ತಪ್ಪಿಹೋಗೋ ದಿನಗಳು ಇದ್ದೇ ಇವೆ. ಆರ್ಡರ್ ಜೋರಿದ್ದಾಗ ರಾತ್ರಿ ಎರಡಕ್ಕೆ ಮಲಗಿ ಏಳಕ್ಕೆ ಎದ್ದದ್ದುಂಟು. ಬಾಕಿ ತೀರಿಸೋಕೆ ಮಾತ್ರ ಈಗ ಹೋಗಲ್ಲ. ವಿಮೋಚನಕಾಂಡದ ಹದಿನಾರನೇ ಅಧ್ಯಾಯದಲ್ಲಿ ಮನ್ನ ಕೂಡಿಟ್ಟವರಿಗೆ ಏನಾಯ್ತು? ಬೆಳಗಾಗೋದರೊಳಗೆ ಹುಳ ಬಿತ್ತು, ನಾತ ಹೊಡೀತು. ಸಬ್ಬತ್ತಿನ ಹಿಂದಿನ ದಿನ ಬಿಟ್ಟರೆ ದಿನದ್ದು ದಿನಕ್ಕೆ. ನಿನ್ನೆ ತಪ್ಪಿದ್ದು ಹೋಯ್ತು, ಇವತ್ತಿನದು ಅಂಗಳದಲ್ಲಿ ಬಿದ್ದಿರ್ತದೆ.

ಫೋನಿನ ವಿಷಯ ಒಂದು. ದಿನಾ ಗುಲಾಬಿ ಹೂವಿನ ಚಿತ್ರದ ಮೇಲೆ ವಾಕ್ಯ ಬರೆದು ಕಳಿಸ್ತೀಯಲ್ಲ ಗ್ರೂಪಿಗೆ, ಅದನ್ನೇ ಧ್ಯಾನ ಅಂದ್ಕೋಬೇಡ. ನಾನೂ ಕಳಿಸ್ತಿದ್ದವನೇ, ಓದದೇ ಮುಂದಕ್ಕೆ ತಳ್ಳಿದ್ದೇ ಹೆಚ್ಚು. ಮಾರ್ಕನ ಮೊದಲನೇ ಅಧ್ಯಾಯದಲ್ಲಿ ನೋಡು: ಹಿಂದಿನ ಸಂಜೆ ಊರಿಗೆ ಊರೇ ರೋಗಿಗಳನ್ನ ಹೊತ್ತು ತಂದು ಬಾಗಿಲಲ್ಲಿ ನಿಂತಿತ್ತು. ಅಷ್ಟು ದಣಿದಿದ್ದರೂ ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಗೆ ಹೋಗಿ ಪ್ರಾರ್ಥನೆ ಮಾಡ್ತಾನೆ. ಸೀಮೋನ ಹುಡುಕಿಕೊಂಡು ಬಂದು "ಎಲ್ಲರೂ ನಿನ್ನನ್ನು ಹುಡುಕ್ತಿದ್ದಾರೆ" ಅಂತಾನೆ. ನಮಗೂ ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ತಲೆದಿಂಬಿನ ಪಕ್ಕ ಅದೇ ಸದ್ದು. ನಾನು ಫೋನ್ ಕೆಳಗೆ ಚಾರ್ಜಿಗೆ ಹಾಕಿ ಮೆಟ್ಟಿಲು ಹತ್ತುತೀನಿ.

ನಿನಗೆ ಶಿಫ್ಟ್ ಕೆಲಸ, ಪಿಜಿಯಲ್ಲಿ ಮೂವರ ರೂಮು. ಬೆಳಗ್ಗೆ ಆಗದಿದ್ರೆ ರಾತ್ರಿ ಬಸ್ಸು ಕಾಯೋವಾಗ ಮಾಡು. ಜಾಗ, ಹೊತ್ತು ಎರಡೂ ಒಂದೇ ಇರಲಿ, ಅಷ್ಟೇ. ಮಾರ್ಕನಿಂದ ಶುರುಮಾಡೋಣ ಇಬ್ಬರೂ. ಹದಿನಾರು ಅಧ್ಯಾಯ, ನಾಲ್ಕು ನಾಲ್ಕರಂತೆ ಹೋದರೆ ಐದೂವರೆ ತಿಂಗಳು, ಕ್ರಿಸ್ಮಸ್ ಹೊತ್ತಿಗೆ ಸರಿಯಾಗಿ ಮುಗೀತದೆ. ದಿನಾ ಓದಿದ್ಯಾ ಅಂತ ನಾನು ಕೇಳಲ್ಲ, ನೀನೂ ಓದಿದೆ ಅಂತ ಮೆಸೇಜ್ ಹಾಕಬೇಡ. ಹಬ್ಬಕ್ಕೆ ಬಂದಾಗ ಮಾಳಿಗೆ ಮೇಲೆ ಕೂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಮಾತಾಡೋಣ.

ನಾಳೆ ಸೋಮವಾರ. ಮೊದಲ ನಾಲ್ಕು ವಚನದಲ್ಲಿ ಯೇಸುವಿನ ಹೆಸರಿದೆ, ಆತ ಇನ್ನೂ ಬಂದಿಲ್ಲ. ಅಡವಿಯಲ್ಲಿ ಕೂಗೋನ ಧ್ವನಿ ಇದೆ. ಮಂಗಳವಾರದ ನಾಲ್ಕರಲ್ಲೂ ಯೋಹಾನ, ಅವನ ಒಂಟೆ ಕೂದಲ ಬಟ್ಟೆ, ಮಿಡತೆ, ಕಾಡುಜೇನು. ಬೇಜಾರು ಮಾಡ್ಕೊಂಡು ಮುಚ್ಚಿಡಬೇಡ ಮಾರಾಯ. ಬುಧವಾರದವರೆಗೆ ತಡಿ. ಒಂಬತ್ತನೇ ವಚನದಲ್ಲಿ ನಜರೇತಿನಿಂದ ಬರ್ತಾನೆ.

ನಿನ್ನ,
ಲೂಪ್ ಕತ್ತರಿಸಿದ ಕಾಲದ ಗೆಳೆಯ