ಆರ್ಟಿಲರಿಗೆ ಹೊರಟಿರುವ ಮಗಳಿಗೆ

ಕೋಲಾರ

ಪ್ರೀತಿಯ ಪುಟ್ಟಿ,

ಆರ್ಟಿಲರಿ ಅಂದ್ರೆ ಹಿಂದೆ ಕೂತು ತೋಪು ಹಾರಿಸೋದು ಅಲ್ವಾ ಅಪ್ಪ, ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಅವಸರದಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಚೆನ್ನೈನ ಒಟಿಎಯಲ್ಲಿ, ಅಂದರೆ ಸೇನೆಯ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ, 49 ವಾರ ತರಬೇತಿ. ಅದು ಮುಗಿಯುವಷ್ಟರಲ್ಲಿ ಯಾವ ವಿಭಾಗ ಬೇಕು ಅಂತ ನಿನ್ನನ್ನು ಕೇಳುತ್ತಾರೆ. ಅಷ್ಟರೊಳಗೆ ಇದು ನಿನಗೆ ತಿಳಿದಿರಲಿ.

ತೋಪುಗಳು ಹಿಂದೆ ಇರುವುದು ನಿಜ. ಬೋಫೋರ್ಸ್ ತೋಪು 20 ಕಿಲೋಮೀಟರಿಗಿಂತ ದೂರ ಹೊಡೆಯುತ್ತದೆ. ತೋಪಿನ ಹತ್ತಿರ ನಿಂತವರಿಗೆ ಗುರಿ ಕಾಣುವುದೇ ಇಲ್ಲ. ನೋಡಿ ಹೇಳುವ ಕೆಲಸ ಚಿಕ್ಕ ವಯಸ್ಸಿನ ಅಧಿಕಾರಿಯದು. ರೇಡಿಯೋ ಸೆಟ್ ಹೊತ್ತ ಒಬ್ಬಿಬ್ಬರು ಜವಾನರನ್ನು ಕರೆದುಕೊಂಡು, ಇನ್‌ಫೆಂಟ್ರಿಯವರ ಜೊತೆಗೇ ಬೆಟ್ಟ ಹತ್ತಬೇಕು. ಅವರು ಎಲ್ಲಿ ಮಲಗುತ್ತಾರೋ ಅಲ್ಲೇ ಮಲಗಬೇಕು.

ಹೀಗೆ ಗುರಿ ನೋಡಿ ಹೇಳುವ ಜಾಗಕ್ಕೆ ಓಪಿ ಅನ್ನುತ್ತಾರೆ. ನಾನು ಮೊದಲ ಸಲ ಓಪಿಯಲ್ಲಿ ಕೂತಿದ್ದು ರಾಜಸ್ಥಾನದ ಪೋಖ್ರಾನ್ ಫೈರಿಂಗ್ ರೇಂಜಿನಲ್ಲಿ. ಮ್ಯಾಪ್ ನೋಡಿ ಗುರಿ ಎಲ್ಲಿದೆ ಅಂತ ಹೇಳಿದೆ. ಶೆಲ್ ಗುರಿ ದಾಟಿ ಬಿತ್ತು. ‘ಡ್ರಾಪ್ 400’ ಅಂದೆ, ಅಂದರೆ 400 ಮೀಟರ್ ಈಚೆಗೆ ಹೊಡೆಯಿರಿ ಅಂತ. ಮುಂದಿನದು ಗುರಿಯ ಈಚೆ ಬಿತ್ತು. ಈಗ ಗುರಿ ಎರಡರ ನಡುವೆ ಸಿಕ್ಕಿಬಿತ್ತು ನೋಡು. ‘ಆ್ಯಡ್ 200’, ಅಂದರೆ 200 ಮೀಟರ್ ಆಚೆಗೆ. ಆಮೇಲೆ ಅದರರ್ಧ. ಹೀಗೆ ಹತ್ತಿರ ತಂದು, ಕೊನೆಗೆ ಬ್ಯಾಟರಿಯ, ಅಂದರೆ ನಮ್ಮ ತೋಪಿನ ದಳದ, ಎಲ್ಲ ತೋಪುಗಳಿಗೂ ಒಟ್ಟಿಗೆ ಆರ್ಡರ್. ದೂರದ ಗುರಿಯಾದರೆ ಹಾರಿಸಿದ ಶೆಲ್ ಬೀಳಲು ಒಂದು ನಿಮಿಷದ ಹತ್ತಿರ ಹಿಡಿಯುತ್ತದೆ. ಯುದ್ಧದಲ್ಲಿ ಆ ಗುರಿಗೂ ನಿನಗೂ ನಡುವೆ ನಮ್ಮವರೇ ಇರುತ್ತಾರೆ. ಬಾಯಿ ತಪ್ಪಿ ಒಂದು ಅಂಕಿ ಹೆಚ್ಚುಕಮ್ಮಿ ಆದರೆ ಶೆಲ್ ಬೀಳುವುದು ಅವರ ಮೇಲೆ. ಹಿಂದೆ ತೋಪುಗಳ ಹತ್ತಿರದ ಕಮಾಂಡ್ ಪೋಸ್ಟಿನಲ್ಲಿ ಗಾಳಿ, ಚಳಿ, ಮದ್ದಿನ ಬಿಸಿ, ನಳಿಗೆಯ ಸವೆತ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಎತ್ತರದಲ್ಲಿ ಗಾಳಿ ತೆಳು, ಅದೇ ಶೆಲ್ ಜಾಸ್ತಿ ದೂರ ಹೋಗುತ್ತದೆ. ನಿನಗೆ ಲೆಕ್ಕ ಇಷ್ಟ ಅಂತಲೇ ಇಷ್ಟು ಬರೆಯುತ್ತಿದ್ದೇನೆ.

1999ರಲ್ಲಿ ಕಾರ್ಗಿಲ್‌ನಲ್ಲಿ ನಮ್ಮ ತೋಪುಗಳು ಎರಡೂವರೆ ಲಕ್ಷಕ್ಕೂ ಹೆಚ್ಚು ಶೆಲ್, ಬಾಂಬ್, ರಾಕೆಟ್ ಹಾರಿಸಿದವು. ಬೋಫೋರ್ಸನ್ನು ಬಂಕರುಗಳಿಗೆ ಕಣ್ಣೆದುರೇ ಗುರಿಯಿಟ್ಟು ಹೊಡೆದದ್ದೂ ಉಂಟು. ಆ ತೋಪಿನವರ ಗೌರವಕ್ಕೆ ದ್ರಾಸ್‌ನ ಪಾಯಿಂಟ್ 5140 ಅನ್ನುವ ಶಿಖರಕ್ಕೆ 2022ರಲ್ಲಿ ಗನ್ ಹಿಲ್ ಅಂತ ಹೆಸರಿಟ್ಟರು. ನಾನು ಸೇರಿದ್ದು ಕಾರ್ಗಿಲ್ ಮುಗಿದ ಮೇಲೆ. ಅಲ್ಲಿದ್ದ ಸುಬೇದಾರ್ ಸಾಹೇಬರೇ ನನಗೆ ಕೆಲಸ ಕಲಿಸಿದವರು. ನಿನ್ನ ಭುಜದ ಮೇಲೆ ಸ್ಟಾರ್ ಇರಬಹುದು. ಆದರೂ ಅಂಥವರ ಮಾತು ಕಿವಿಗೊಟ್ಟು ಕೇಳು.

ಉಳಿದದ್ದು ನಿನಗೆ ಗೊತ್ತೇ ಇದೆ. ದೇವಳಾಲಿಯ ಆರ್ಟಿಲರಿ ಶಾಲೆಯಲ್ಲಿ ಕೋರ್ಸು, ಎರಡು ಮೂರು ವರ್ಷಕ್ಕೊಂದು ಊರು, ಫೀಲ್ಡ್ ಪೋಸ್ಟಿಂಗ್ ಬಂದಾಗಲೆಲ್ಲ ನೀನು, ಅಮ್ಮ ಕೋಲಾರಕ್ಕೆ. ನಿನ್ನ ಶಾಲೆ, ಅಜ್ಜಿಯ ಔಷಧಿ, ಬೋರ್‌ವೆಲ್ ಬತ್ತಿದ್ದು, ಎಲ್ಲ ಅಮ್ಮನ ತಲೆ ಮೇಲೆ. ಅವಳನ್ನೂ ಕೂರಿಸಿ ಕೇಳು. ಆ ಅರ್ಧ ಕಥೆ ಅವಳೇ ಹೇಳಬೇಕು.

ನನ್ನ ಕಾಲದಲ್ಲಿ ಆರ್ಟಿಲರಿಯಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ. 2023ರ ಏಪ್ರಿಲ್‌ನಲ್ಲಿ ಇದೇ ಒಟಿಎಯಿಂದ ಐದು ಜನ ಮೊದಲ ಸಲ ಬಂದರು. ಟಿವಿಯಲ್ಲಿ ಅದನ್ನು ನೋಡುವಾಗ ನನಗೆ ನಿನ್ನದೇ ನೆನಪು. ಅಂದು ನಿನಗೆ ಹೇಳಲಿಲ್ಲ, ಈ ಆಸೆ ನಿನ್ನದಾಗಿಯೇ ಹುಟ್ಟಲಿ ಅಂತ.

ಚೆನ್ನೈಗೆ ಹೋಗುವ ಮೊದಲು ನಾಲ್ಕು ದಿನ ಊರಿಗೆ ಬಾ. ಬೆಳಿಗ್ಗೆ ಬೇಗ ಅಂತರಗಂಗೆ ಬೆಟ್ಟ ಹತ್ತೋಣ. ಮೇಲಿಂದ ಊರಿನ ನೀರಿನ ಟ್ಯಾಂಕು, ಕೆರೆ ಏರಿ ಎಷ್ಟು ದೂರ ಅಂತ ನೀನು ಕಣ್ಣಳತೆಯಲ್ಲೇ ಹೇಳು, ಆಮೇಲೆ ಮ್ಯಾಪಿನಲ್ಲಿ ಅಳೆಯೋಣ. ಗಾಳಿ ತಿಳಿಯಾಗಿದ್ದರೆ ದೂರದ್ದು ಹತ್ತಿರ ಇದ್ದ ಹಾಗೆ ಕಾಣುತ್ತದೆ, ಮೊದಲು ಅಲ್ಲೇ ಎಲ್ಲರೂ ಮೋಸ ಹೋಗುವುದು. ಕಂಪಾಸು ನನ್ನ ಹತ್ತಿರ ಇದೆ. ಹಳೆಯ ಶೂ ಹಾಕಿಕೊಂಡು ಬಾ, ಹೊಸದು ಬೇಡ.

ನಿನ್ನ ಅಪ್ಪ