ಕಾನೂನಿಗೆ ಬೇಕಾಗಿರುವುದು ನಿನಗೆ ಮಾರಿದವನು

ಪ್ರೀತಿಯ ಸುಹಾಸನಿಗೆ,

ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಂಪಾಸ್ ಬಾಕ್ಸ್‌ನಲ್ಲಿ ವೇಪ್, ಅಂದರೆ ಇ-ಸಿಗರೇಟ್, ಸಿಕ್ಕ ವಿಷಯ ನಿಮ್ಮಮ್ಮ ಹೇಳಿದಳು. ಅಪ್ಪ ಪೊಲೀಸರ ಹೆಸರು ಹೇಳಿ ಗದರಿಸಿದ ಮೇಲೆ ನೀನು ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಮೊದಲು ಆ ಭಯ ಬಿಡು. ನಮ್ಮ ರಾಜ್ಯ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರಲ್ಲಿ ಕೇಂದ್ರದ ಕಾಯ್ದೆಯೇ ಬಂತು. ಅದರಲ್ಲಿ ತಯಾರಿಕೆ, ಆಮದು, ಸಾಗಣೆ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಎಲ್ಲಕ್ಕೂ ಶಿಕ್ಷೆ ಇದೆ. ಸೇದಿದವನಿಗೆ ಅಂತ ಬೇರೆ ಕಲಮು ಇಲ್ಲ. ಮಾರಿದವನಿಗೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷ, ಐದು ಲಕ್ಷದವರೆಗೂ ಹೋಗುತ್ತದೆ.

ಆದರೆ ಒಂದು ವಿಷಯದಲ್ಲಿ ತುಂಬಾ ಹುಷಾರಾಗಿರು ಮಗಾ. ಹಾಸ್ಟೆಲ್‌ನಲ್ಲಿ ನಾಲ್ಕು ಜನ ಸೇರಿ ಒಬ್ಬನ ಫೋನಿಗೆ ದುಡ್ಡು ಹಾಕುತ್ತೀರಿ. ಅವನು ಹೋಗಿ ತಂದು ಹಂಚುತ್ತಾನೆ. ಅವನ ಪಾಲಿಗೆ ಅದು ಗೆಳೆತನ. ಕಾಯ್ದೆ ಓದಿದರೆ ಸಾಗಣೆ, ಮಾರಾಟ. ದುಬೈಯಿಂದ ಬರುವ ಯಾರದೋ ಅಣ್ಣನ ಸೂಟ್‌ಕೇಸಿನಲ್ಲಿ ತರಿಸಿದರೆ ಅದು ಆಮದು. ‘ಇದರಲ್ಲಿ ನಿಕೋಟಿನ್ ಇಲ್ಲ’ ಅಂದರೂ ನಡೆಯುವುದಿಲ್ಲ, ನಿಕೋಟಿನ್ ಇರಲಿ ಬಿಡಲಿ ಕಾಯ್ದೆ ಒಂದೇ. ಯಾರಾದರೂ ‘ನಿನ್ನ ನಂಬರಿಗೆ ಹಾಕ್ತೀನಿ, ತಂದುಕೊಡೋ’ ಅಂದರೆ ಆಗಲ್ಲ ಅಂತ ಮುಖಕ್ಕೆ ಹೇಳು.

‘ಇಂಗ್ಲೆಂಡಲ್ಲಿ ಅಂಗಡೀಲೇ ಮಾರ್ತಾರೆ, ಇಲ್ಲಿ ಸುಮ್ನೆ ಬ್ಯಾನ್ ಮಾಡಿದ್ದಾರೆ’ ಅಂತ ಅಮ್ಮನ ಹತ್ತಿರ ವಾದ ಮಾಡಿದೆಯಂತೆ. ಮಾರುತ್ತಾರೆ, ನಿಜ. ಸಿಗರೇಟ್ ಬಿಡಲಾಗದ ದೊಡ್ಡವರಿಗೆ ಇದು ಸಿಗರೇಟಿಗಿಂತ ಕಡಿಮೆ ಕೆಡುಕು ಅನ್ನುವುದು ಅಲ್ಲಿನ ಸರ್ಕಾರದ ಲೆಕ್ಕ. ಆದರೆ ಅಲ್ಲೂ 18 ತುಂಬದವರಿಗೆ ಮಾರುವಂತಿಲ್ಲ. ವೇಪಿನೊಳಗಿನ ದ್ರವದ ಒಂದು ಮಿಲಿಲೀಟರ್‌ನಲ್ಲಿ ನಿಕೋಟಿನ್ 20 ಮಿಲಿಗ್ರಾಂ ದಾಟುವಂತಿಲ್ಲ. ಒಮ್ಮೆ ಬಳಸಿ ಬಿಸಾಡುವ ವೇಪ್‌ಗಳನ್ನು 2025ರ ಜೂನ್ 1ರಿಂದ ನಿಷೇಧಿಸಿದ್ದಾರೆ. ಆಸ್ಟ್ರೇಲಿಯಾದಲ್ಲಿ 2024ರ ಜುಲೈಯಿಂದ ಔಷಧಿ ಅಂಗಡಿಯಲ್ಲಿ ಬಿಟ್ಟು ಬೇರೆಲ್ಲೂ ಮಾರುವಂತಿಲ್ಲ. ಅಲ್ಲಿನವರ ವಾದವೆಲ್ಲ ದೊಡ್ಡವರಿಗೆ ಕೊಡಬೇಕೋ ಬೇಡವೋ ಅನ್ನುವುದರ ಮೇಲೆ. ಹದಿನಾರರ ಹುಡುಗನ ಕೈಗೆ ಕೊಡಿ ಅಂತ ಅವರಲ್ಲಿ ಯಾವ ಸರ್ಕಾರವೂ ಹೇಳಿಲ್ಲ.

ಅಮ್ಮ ಕಳಿಸಿದ ಫೋಟೋ ನೋಡಿದೆ. ಹೈಲೈಟರ್ ಪೆನ್ನಿನಷ್ಟೇ ಇದೆ. ಮೇಲೆ ಮಾವಿನ ಹಣ್ಣಿನ ಚಿತ್ರ, ಕೆಳಗೆ ಸಣ್ಣಕ್ಷರದಲ್ಲಿ 5%. ಅಂದರೆ ಮಿಲಿಲೀಟರಿಗೆ ಸುಮಾರು 50 ಮಿಲಿಗ್ರಾಂ. ಇಂಗ್ಲೆಂಡಿನಲ್ಲಿ ದೊಡ್ಡವರಿಗೆ ಹಾಕಿರುವ ಮಿತಿಯ ಎರಡೂವರೆ ಪಟ್ಟು! ಅದೂ ಅಚ್ಚು ಹಾಕಿದವನನ್ನು ನಂಬಿದರೆ. ತಯಾರಿಸಿದವರ ವಿಳಾಸವಿಲ್ಲ, ಬ್ಯಾಚ್ ನಂಬರಿಲ್ಲ. ಇಷ್ಟು ವರ್ಷ ಮೆಡಿಕಲ್ ಶಾಪಿನಲ್ಲಿ ಕೂತ ನನಗೆ ಮೊದಲು ಕಣ್ಣಿಗೆ ಬಿದ್ದಿದ್ದೇ ಅದು. ಎರಡು ರೂಪಾಯಿಯ ಜ್ವರದ ಮಾತ್ರೆಗೂ ಅವೆರಡೂ ಇರುತ್ತವೆ. ಹೆಚ್ಚುಕಮ್ಮಿ ಆದರೆ ಹಿಡಿದು ಕೇಳಬಹುದು. ಕಳ್ಳದಾರಿಯಲ್ಲಿ ಬಂದದ್ದಕ್ಕೆ ಯಾರನ್ನು ಕೇಳುತ್ತೀಯ? ನಿಷೇಧದಲ್ಲಿ ಈ ಕಷ್ಟ ಇದ್ದೇ ಇದೆ, ನುಸುಳಿ ಬಂದದ್ದನ್ನು ಪರೀಕ್ಷೆ ಮಾಡುವವರಿಲ್ಲ. ಆದರೂ ನಾನು ನಿಷೇಧದ ಪರವೇ. ಇಲ್ಲದಿದ್ದರೆ ಬೇಕರಿಯಲ್ಲಿ ಚಾಕಲೇಟ್ ಡಬ್ಬಿಯ ಪಕ್ಕದಲ್ಲಿ ಇರುತ್ತಿತ್ತು, ನಿನ್ನ ತಂಗಿಯ ಕೈಗೂ ಬರುತ್ತಿತ್ತು.

ಹೊಸದಾಗಿ ಬೀಡಿ ಎಳೆದವನು ಕೆಮ್ಮಿ ಕೆಮ್ಮಿ ಬಿಸಾಡುತ್ತಾನೆ. ಇಂಥ ವೇಪ್‌ಗಳಲ್ಲಿ ಹೆಚ್ಚಾಗಿ ಹಾಕುವ ನಿಕೋಟಿನ್ ಸಾಲ್ಟ್ ಗಂಟಲನ್ನು ಅಷ್ಟು ಉರಿಸುವುದಿಲ್ಲ, ಹಾಗಾಗಿ ಬೇಡ ಅಂತ ದೇಹ ಹೇಳುವುದೇ ಇಲ್ಲ. ಸಿಗರೇಟಾದರೆ ಉರಿದು ಮುಗಿಯುತ್ತದೆ. ಇದು ಜೇಬಲ್ಲೇ ಇರುತ್ತದೆ. ಬಾತ್‌ರೂಮಿನಲ್ಲಿ ಎರಡು ದಮ್, ರಾತ್ರಿ ಹೊದಿಕೆಯೊಳಗೆ ನಾಲ್ಕು. ಎಷ್ಟಾಯಿತು ಅಂತ ಲೆಕ್ಕ ಸಿಗುವುದಿಲ್ಲ. ಮೆದುಳು 25ರ ಹತ್ತಿರದವರೆಗೂ ಬೆಳೆಯುತ್ತಲೇ ಇರುತ್ತದೆ, ಈ ವಯಸ್ಸಿನಲ್ಲಿ ನಿಕೋಟಿನ್ ಬೇಗ ಅಂಟಿಕೊಳ್ಳುತ್ತದೆ. ಫಿಸಿಕ್ಸ್ ಪುಸ್ತಕ ಹಿಡಿದರೆ ಹತ್ತು ನಿಮಿಷ ಕೂರಲು ಆಗುತ್ತಿಲ್ಲ ಅಂದೆಯಂತೆ. ನಿನಗೆ ಬುದ್ಧಿ ಕಡಿಮೆಯಾಗಿಲ್ಲ ಕಣೋ, ಮೈ ಅದನ್ನು ಕೇಳುತ್ತಿರಬಹುದು.

ಬಿಟ್ಟ ಮೊದಲ ಮೂರು ನಾಲ್ಕು ದಿನ ಸಿಟ್ಟು, ತಲೆನೋವು, ಚಡಪಡಿಕೆ ಜಾಸ್ತಿ. ಆಮೇಲೆ ಕೆಲವು ವಾರಗಳಲ್ಲಿ ತಗ್ಗುತ್ತಾ ಬರುತ್ತದೆ. ಆ ದಿನಗಳಲ್ಲಿ ನೀನು ರೇಗಿದರೆ ಅಮ್ಮ ಬೇಜಾರು ಮಾಡಿಕೊಳ್ಳಬಾರದು ಅಂತ ನಾನೇ ಹೇಳಿದ್ದೇನೆ. 1800-11-2356ಕ್ಕೆ ಫೋನ್ ಮಾಡು, ತಂಬಾಕು ಬಿಡಿಸಲೆಂದೇ ಸರ್ಕಾರ ಇಟ್ಟಿರುವ ಉಚಿತ ನಂಬರ್ ಅದು. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದವರು ಕನ್ನಡದಲ್ಲೇ ಮಾತಾಡುತ್ತಾರೆ. ಚಟ ಬಿಡಲು ಜಗಿಯುವ ನಿಕೋಟಿನ್ ಗಮ್ ನನ್ನ ಅಂಗಡಿಯಲ್ಲೇ ಇದೆ, ಆದರೆ ನಿನ್ನ ವಯಸ್ಸಿಗೆ ಡಾಕ್ಟರನ್ನು ಕೇಳದೆ ಕೊಡುವುದಿಲ್ಲ.

ಶನಿವಾರ ರಾತ್ರಿ ನಾನೇ ಫೋನ್ ಮಾಡುತ್ತೇನೆ. ಕಾಲೇಜಿನ ಹತ್ತಿರ ಇದನ್ನು ಯಾರು ಮಾರುತ್ತಿದ್ದಾರೆ ಅಂತ ನನಗೊಬ್ಬನಿಗೆ ಹೇಳು. ಪ್ರಿನ್ಸಿಪಾಲರ ಹತ್ತಿರ ನಾನು ಮಾತಾಡುತ್ತೇನೆ, ನಿನ್ನ ಹೆಸರು ಎಲ್ಲೂ ಬರುವುದಿಲ್ಲ. ಅಪ್ಪನಿಗೂ ಸಮಾಧಾನ ಹೇಳಿದ್ದೇನೆ. ಹೊಟ್ಟೆ ತುಂಬಾ ಊಟ ಮಾಡು.

ಇಂತಿ ನಿನ್ನ,
ದೊಡ್ಡಪ್ಪ