ಹೊಟ್ಟೆ ತುಂಬುತ್ತಾ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಇಂಗ್ಲೆಂಡಿನಲ್ಲಿ ಚಳಿ ಶುರುವಾಗಿದೆ. ಹಿತ್ತಲಿನ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಬೇಸಿಗೆಯಲ್ಲಿ ನೀನು ಫೋನಿನಲ್ಲಿ ಕೇಳಿದ್ದೆಯಲ್ಲ, "ಅಷ್ಟಗಲ ಜಾಗದಲ್ಲಿ ಬೆಳೆದರೆ ಹೊಟ್ಟೆ ತುಂಬುತ್ತಾ?" ಅಂತ. ಆಗ ಸುಮ್ನೆ ನಕ್ಕು ಮಾತು ಹಾರಿಸಿದ್ದೆ.

ತುಂಬುವುದಿಲ್ಲ ಅಮ್ಮ. ಆದರೆ ಈ ವರ್ಷ ಅರ್ಧ ತಪ್ಪು ನನ್ನದೇ. ಏಪ್ರಿಲ್‌ನ ಒಂದು ಭಾನುವಾರ ಉತ್ಸಾಹ ಜಾಸ್ತಿಯಾಗಿ ಇಡೀ ಪ್ಯಾಕೆಟ್ ಮೂಲಂಗಿ ಬೀಜ ಒಂದೇ ದಿನ ಹಾಕಿಬಿಟ್ಟೆ. ಐದಾರು ವಾರಕ್ಕೆ ಎಲ್ಲವೂ ಒಟ್ಟಿಗೆ ಬಂದವು. ದಿನಾ ತಿಂದೆ, ಅಕ್ಕಪಕ್ಕದವರಿಗೆ ಕೊಟ್ಟೆ. ಉಳಿದದ್ದು ಬೆಂಡಾಗಿ ಹೂ ಬಿಟ್ಟಿತು. ಆಮೇಲೆ ಒಂದು ತಿಂಗಳು ಮಡಿ ಖಾಲಿ! ಹದಿನೈದು ದಿನಕ್ಕೊಮ್ಮೆ ಒಂದೊಂದು ಗಿಡ್ಡ ಸಾಲು ಹಾಕಿದ್ದರೆ ಅದೇ ಬೀಜ ಎರಡು ಮೂರು ತಿಂಗಳು ಬರುತ್ತಿತ್ತು.

ಆಲೂಗಡ್ಡೆ ಮಾತ್ರ ಕೈಬಿಡಲಿಲ್ಲ. ಗಿಡ ಗೇಣುದ್ದ ಆದಾಗ ಬುಡಕ್ಕೆ ಮಣ್ಣು ಏರಿಸಿದ್ದೆ. ಎಲೆ ಹಳದಿಯಾಗಿ ಒರಗಿದ ಮೇಲೆ ಅಗೆದೆ. ಮೊದಲನೇ ಏಟಿಗೇ ಒಂದು ಗಡ್ಡೆ ಸೀಳಿತು. ಆಮೇಲೆ ಸಲಕರಣೆ ಬದಿಗಿಟ್ಟು ಕೈಯಲ್ಲೇ ತಡಕಿದೆ. ತಣ್ಣಗಿನ ಮಣ್ಣೊಳಗೆ ಕಲ್ಲೋ ಗಡ್ಡೆಯೋ ಬೆರಳಿಗೆ ತಿಳಿಯುವುದಿಲ್ಲ, ಎತ್ತಿ ನೋಡಬೇಕು. ಒಂದೇ ಬುಡದಲ್ಲಿ ಹನ್ನೊಂದು ಸಿಕ್ಕವು. ಮಣ್ಣು ಸರಿಯಾಗಿ ಮುಚ್ಚದಿದ್ದ ಕಡೆ ನಾಲ್ಕು ಗಡ್ಡೆ ಬೆಳಕು ಬಿದ್ದು ಹಸಿರಾಗಿದ್ದವು, ಎಸೆದೆ. ಹಾಗೆ ಹಸಿರಾದದ್ದರಲ್ಲಿ ವಿಷ ಜಾಸ್ತಿ, ಬೇಯಿಸಿದರೂ ಹೋಗುವುದಿಲ್ಲ. ಉಳಿದವು ಗೋಣಿಚೀಲದಲ್ಲಿ, ಕತ್ತಲೆ ಮೂಲೆಯಲ್ಲಿವೆ. ಸೊಪ್ಪು ಎರಡು ದಿನಕ್ಕೆ ಬಾಡುತ್ತದೆ. ಕಷ್ಟಕಾಲಕ್ಕೆ ಆಗಿಬರುವುದು ಗಡ್ಡೆ, ಕುಂಬಳಕಾಯಿ, ಒಣ ಕಾಳುಗಳೇ, ಅಲ್ವಾ?

ಎರಡನೇ ಮಹಾಯುದ್ಧದಲ್ಲಿ ಇಲ್ಲಿಯವರಿಗೂ ಇದೇ ಚಿಂತೆ ಬಂದಿತ್ತು. ಜರ್ಮನಿಯವರು ಹಡಗು ಮುಳುಗಿಸುತ್ತಿದ್ದರು, ಹೊರಗಿನ ಆಹಾರ ಕಡಿಮೆಯಾಯಿತು. 1940ರಲ್ಲಿ ಶುರುವಾದ ರೇಷನ್, ಅಂದರೆ ಒಬ್ಬೊಬ್ಬರಿಗೆ ಇಷ್ಟೇ ಅನ್ನುವ ಮಿತಿ, 1954ಕ್ಕೆ ಪೂರ್ತಿ ನಿಂತಿತು. ಜನ ಹಿತ್ತಲು, ಪಾರ್ಕು ಅಗೆದು ತರಕಾರಿ ಹಾಕಿದರು. ಲಂಡನ್ ಟವರ್ ಕೋಟೆಯ ಕಂದಕವನ್ನೂ ಬಿಡಲಿಲ್ಲ. ಯುದ್ಧ ಮುಗಿಯುವವರೆಗೂ ತಾಜಾ ತರಕಾರಿಗೆ ರೇಷನ್ ಬರಲಿಲ್ಲ. ಆದರೂ ಸಾಕಷ್ಟು ಗೋಧಿ ಹಡಗಿನಲ್ಲೇ ಬರಬೇಕಿತ್ತು. ನನ್ನ ಹಿತ್ತಲಿನ ಕಥೆಯೂ ಅಷ್ಟೇ. ಅಂಗಡಿ ತಪ್ಪುವುದಿಲ್ಲ, ಆದರೆ ಒಂದೆರಡು ವಾರ ಹೋಗದಿದ್ದರೂ ನಡೆಯುತ್ತದೆ.

ಅಂದಹಾಗೆ, ಮುಂದಿನ ಪಾರ್ಸಲ್‌ನಲ್ಲಿ ಬೀಜ ಇಡಬೇಡ. ಹೊರದೇಶದ ಬೀಜಕ್ಕೆ ಇಲ್ಲಿ ಸಸ್ಯರೋಗ ಇಲ್ಲವೆಂಬ ಸರ್ಟಿಫಿಕೇಟ್ ಬೇಕು. ನಾನೇ ಹತ್ತು ಬೀನ್ಸ್ ಕಾಯಿ ಬಳ್ಳಿಯಲ್ಲೇ ಒಣಗಲು ಬಿಟ್ಟಿದ್ದೆ. ಈಗ ಅಲ್ಲಾಡಿಸಿದರೆ ಗಿಲಿಗಿಲಿ ಅನ್ನುತ್ತವೆ. ಈ ತೇವದ ಹವೆಯಲ್ಲಿ ಬೂಷ್ಟು ಹಿಡಿಯುತ್ತದೇನೋ ಅಂತ ಭಯ. ನೀನು ಬೀಜ ಯಾವುದರಲ್ಲಿ ಕಟ್ಟಿ ಇಡುತ್ತೀಯ? ಬೇಗ ಬರೆ. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಮಗ